ಬೆಂಗಳೂರಿಗೆ ತೋರಿಸಿ ತಂದ ಮೇಲೆ

ಕೊಡಗಿನ ಯಾವುದೋ ಮನೆಯಲ್ಲಿ ಹದಿನೆಂಟು ಇಪ್ಪತ್ತರ ಪ್ರಾಯದ ಹುಡುಗನೋ ಹುಡುಗಿಯೋ ಊಟ ನಿದ್ದೆ ಬಿಟ್ಟು, ಯಾರೋ ತನ್ನ ಬೆನ್ನು ಹತ್ತಿದ್ದಾರೆ ಎನ್ನತೊಡಗಿ, ಎದುರಿಗೆ ಇಲ್ಲದವರ ಮಾತಿಗೆ ಉತ್ತರ ಕೊಡಲು ಶುರು ಮಾಡಿದರೆ, ನೆಂಟರಿಷ್ಟರಿಂದ ಬರುವ ಸಲಹೆ ಹೆಚ್ಚುಕಡಿಮೆ ಒಂದೇ: ‘ಇಲ್ಲಿ ಇಟ್ಕೊಂಡು ಪ್ರಯೋಜನ ಇಲ್ಲ, ಬೆಂಗಳೂರಿಗೆ ಕರ್ಕೊಂಡು ಹೋಗಿ, ನಿಮ್ಹಾನ್ಸ್‌ಗೆ ತೋರಿಸಿ.’ ಸಾರ್ವಜನಿಕ ಚರ್ಚೆಯಲ್ಲೂ ಇದೇ ನಂಬಿಕೆ ಬೇರೆ ವೇಷದಲ್ಲಿ ಕಾಣಿಸುತ್ತದೆ. ಮಾನಸಿಕ ಕಾಯಿಲೆಯ ಚಿಕಿತ್ಸೆ ತಜ್ಞರ ಕೆಲಸ, ತಜ್ಞರಿರುವುದು ನಗರದಲ್ಲಿ, ಆದ್ದರಿಂದ ನಗರದ ಆಸ್ಪತ್ರೆಯನ್ನು ಬಲಪಡಿಸಿ ಅಲ್ಲಿಗೆ ಹೋಗುವ ದಾರಿಯನ್ನು ಸುಗಮ ಮಾಡಿದರೆ ಸಣ್ಣ ಜಿಲ್ಲೆಗಳ ಹೊಣೆ ಮುಗಿಯಿತು ಎಂಬುದು ಅದರ ಸಾರ. ವೈದ್ಯರು ಸೈಕೋಸಿಸ್ ಎಂದು ಕರೆಯುವ ಕಾಯಿಲೆಯ ಆರಂಭದ ಹಂತಕ್ಕೆ ಈ ನಂಬಿಕೆಯನ್ನು ಅನ್ವಯಿಸಿದಾಗ ಅದರ ಅರ್ಧ ಸರಿ, ಇನ್ನರ್ಧ ಅಪಾಯಕಾರಿ. ಸರಿಯಾದ ಅರ್ಧ ಎಷ್ಟು ಗಟ್ಟಿಯಾಗಿದೆಯೆಂದರೆ ಅದು ಉಳಿದರ್ಧವನ್ನು ಪೂರ್ತಿ ಮುಚ್ಚಿಬಿಟ್ಟಿದೆ.

ಮೊದಲು ಆ ನಂಬಿಕೆಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಶುರುವಾಗಿ, 1974ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯೊಡನೆ ಒಂದಾಗಿ, 2012ರ ಕಾಯ್ದೆಯಿಂದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆನಿಸಿದ ನಿಮ್ಹಾನ್ಸ್ ಕರ್ನಾಟಕದ ಬಡವರಿಗೂ ದೇಶದ ಅತ್ಯುತ್ತಮ ಮನೋವೈದ್ಯರನ್ನು ಒದಗಿಸಿದೆ. ಸೈಕೋಸಿಸ್‌ನಂತೆ ಕಾಣುವುದೆಲ್ಲ ಸೈಕೋಸಿಸ್ ಅಲ್ಲ. ಮೆದುಳಿನ ಉರಿಯೂತ, ಮೂರ್ಛೆರೋಗ, ಥೈರಾಯ್ಡ್ ತೊಂದರೆ, ಕೆಲವು ಔಷಧಗಳ ದುಷ್ಪರಿಣಾಮ ಇವೆಲ್ಲ ಅದೇ ಮುಖ ಹೊತ್ತು ಬರಬಹುದು. ದೇಹದ ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬೀಳುವ ಒಂದು ಬಗೆಯ ಉರಿಯೂತದಲ್ಲಂತೂ ಚಿಕಿತ್ಸೆಯೇ ಬೇರೆ. ಅದನ್ನು ಗುರುತಿಸದೆ ಮನೋರೋಗದ ಮಾತ್ರೆ ಮಾತ್ರ ಕೊಡುತ್ತಾ ಹೋದರೆ ಜೀವಕ್ಕೇ ಅಪಾಯ. ಎಂಆರ್‌ಐ, ಇಇಜಿ, ಬೆನ್ನುಹುರಿಯ ನೀರಿನ ಪರೀಕ್ಷೆ, ಅದನ್ನು ಓದಬಲ್ಲ ನರರೋಗ ತಜ್ಞರು ಎಲ್ಲವೂ ಒಂದೇ ಆವರಣದಲ್ಲಿ ಸಿಗುವುದು ಸಣ್ಣ ಮಾತಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇರಲಿಲ್ಲ, ಇದ್ದವರಲ್ಲಿ ಹೆಚ್ಚಿನವರು ನಗರಗಳಲ್ಲೇ ಇದ್ದರು. ಹೀಗಿರುವಾಗ ಮನೆಯವರು ಬೆಂಗಳೂರಿನ ಕಡೆ ಮುಖ ಮಾಡುವುದರಲ್ಲಿ ತಪ್ಪು ಹುಡುಕಲಾಗದು.

ಗೊಂದಲ ಇರುವುದು ಬೇರೆಡೆ. ಹೃದಯದ ಆಪರೇಷನ್‌ಗೆ ಜಯದೇವ ಆಸ್ಪತ್ರೆಗೆ ಹೋಗಿ ಬಂದಂತೆ ಮನಸ್ಸಿನ ಕಾಯಿಲೆಗೆ ನಿಮ್ಹಾನ್ಸ್‌ಗೆ ಹೋಗಿ ಬರುವುದು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಆಪರೇಷನ್‌ನಲ್ಲಿ ಕಠಿಣವಾದದ್ದೆಲ್ಲ ಒಂದೇ ದಿನ, ಒಂದೇ ಕೋಣೆಯಲ್ಲಿ, ನುರಿತ ಕೈಯಿಂದ ಆಗಬೇಕಾದ್ದು. ಹಾಗಾಗಿ ಎಷ್ಟೇ ದೂರವಾದರೂ ಒಳ್ಳೆಯ ಕೈ ಇರುವಲ್ಲಿಗೆ ಹೋಗುವುದು ಸರಿ. ಆರಂಭದ ಸೈಕೋಸಿಸ್‌ನಲ್ಲಿ ಕಷ್ಟದ ಕೆಲಸ ಹಾಗೆ ಒಂದೆಡೆ ಗುಡ್ಡೆಯಾಗಿಲ್ಲ. ಅದು ಮೂರು ಬೇರೆ ಬೇರೆ ಕೆಲಸಗಳಲ್ಲಿ ಹಂಚಿಹೋಗಿದೆ:

1. ಏನೋ ಸರಿಯಿಲ್ಲ ಎಂದು ಯಾರಿಗಾದರೂ ಕಂಡ ದಿನದಿಂದ ಮೊದಲ ಸರಿಯಾದ ಚಿಕಿತ್ಸೆ ಸಿಗುವ ದಿನದವರೆಗಿನ ಅಂತರವನ್ನು ಕಡಿಮೆ ಮಾಡುವುದು.

2. ಕಾಯಿಲೆ ಏನೆಂದು ನಿರ್ಧರಿಸಿ ಮದ್ದು ಶುರು ಮಾಡುವುದು.

3. ಅಲ್ಲಿಂದ ಮುಂದಿನ ಎರಡು ಮೂರು ವರ್ಷ ಆ ವ್ಯಕ್ತಿಯ ಕೈಬಿಡದೆ, ಕಾಯಿಲೆ ಮರುಕಳಿಸದಂತೆ, ಓದು ಅಥವಾ ಕೆಲಸಕ್ಕೆ ಮರಳುವಂತೆ ನೋಡಿಕೊಳ್ಳುವುದು.

ನಗರದ ದೊಡ್ಡಾಸ್ಪತ್ರೆ ಈ ಮೂರರಲ್ಲಿ ಎರಡನೆಯದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತದೆ. ಮೊದಲನೆಯದೂ ಮೂರನೆಯದೂ ನಡೆಯುವುದು ಮನೆಯಲ್ಲಿ, ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ, ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ. ಎರಡನೆಯ ಕೆಲಸದ ಗುಣಮಟ್ಟವನ್ನು ನೋಡಿ ಮೂರೂ ಕೆಲಸ ಆಯಿತೆಂದು ತಿಳಿಯುವುದೇ ನಾನು ಹೇಳುತ್ತಿರುವ ಗೊಂದಲ.

ಮೊದಲ ಕೆಲಸವನ್ನು ಹತ್ತಿರದಿಂದ ನೋಡೋಣ. ಕೊಡಗಿನ ಭಾಗಮಂಡಲದ ಕಡೆಯ ಒಬ್ಬ ಹುಡುಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತ ಜಯನಗರದ ಒಂದು ಪಿಜಿಯಲ್ಲಿದ್ದಾನೆ ಎಂದು ಊಹಿಸಿಕೊಳ್ಳಿ. ಕಾಯಿಲೆ ಶುರುವಾಗುವುದು ಕೂಗಾಟದಿಂದಲ್ಲ. ಮೊದಲು ಬೆಳಗಿನ ಕ್ಲಾಸು ತಪ್ಪುತ್ತದೆ. ಆಮೇಲೆ ಸ್ನಾನ ತಪ್ಪುತ್ತದೆ. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಪ್ಲಾಸ್ಟರ್ ಅಂಟಿಸುತ್ತಾನೆ, ಕಿಟಕಿಗೆ ಹಳೆಯ ಬೆಡ್‌ಶೀಟ್ ಕಟ್ಟುತ್ತಾನೆ, ಪಕ್ಕದ ಮಂಚದವನು ಫೋನಿನಲ್ಲಿ ನಕ್ಕರೆ ಅದು ತನ್ನ ಬಗ್ಗೆಯೇ ಎಂದು ಅವನಿಗೆ ಖಾತ್ರಿ. ಮೆಸ್ಸಿನ ಊಟದಲ್ಲಿ ಏನೋ ಬೆರೆಸಿದ್ದಾರೆಂದು ಬಿಸ್ಕತ್ತಿನಲ್ಲೇ ದಿನ ದೂಡುತ್ತಾನೆ. ಮನೆಯಿಂದ ಕರೆ ಬಂದರೆ ‘ಪರೀಕ್ಷೆ ಇದೆ’ ಎಂದು ಎರಡು ಮಾತಿನಲ್ಲಿ ಮುಗಿಸುತ್ತಾನೆ. ತಿಂಗಳುಗಳು ಹೀಗೇ ಹೋಗಿ, ಪುತ್ತರಿ ಹಬ್ಬಕ್ಕೆಂದು ಊರಿಗೆ ಬಂದಾಗ ತಾಯಿಗೆ ಮೊದಲ ಸಲ ಎದೆ ಧಸಕ್ಕೆನ್ನುತ್ತದೆ. ಈ ಹುಡುಗ ಅಷ್ಟೂ ಕಾಲ ನಿಮ್ಹಾನ್ಸ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದ್ದ. ದೇಶದ ಅತ್ಯುತ್ತಮ ಆಸ್ಪತ್ರೆ ಬಗಲಲ್ಲೇ ಇದ್ದರೂ ಮೊದಲ ಕೆಲಸ ತಾನಾಗಿ ಆಗಲಿಲ್ಲ. ಏಕೆಂದರೆ ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರಿಗೆ ತಮಗೆ ಕಾಯಿಲೆಯಾಗಿದೆ ಎಂದು ಅನ್ನಿಸುವುದೇ ಇಲ್ಲ. ಅವರಾಗಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲುವವರಲ್ಲ. ಬಂದವರನ್ನು ಎಷ್ಟೇ ಚೆನ್ನಾಗಿ ನೋಡಿದರೂ, ಬರುವವರೆಗೆ ಕಾಯುವ ಆಸ್ಪತ್ರೆಗೆ ಈ ಅಂತರವನ್ನು ಮುಟ್ಟಲಾಗುವುದಿಲ್ಲ. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ, 21 ರಾಜ್ಯಗಳ 34 ಚಿಕಿತ್ಸಾಲಯಗಳನ್ನು ಒಳಗೊಂಡ ದೊಡ್ಡ ಅಧ್ಯಯನವೊಂದರಲ್ಲಿ ಚಿಕಿತ್ಸೆಯಿಲ್ಲದೆ ಕಳೆದ ಅವಧಿಯ ಮಧ್ಯಮ ಮಟ್ಟ 74 ವಾರ. ಹಣ, ತಜ್ಞರು, ಯಂತ್ರಗಳು ಯಾವುದಕ್ಕೂ ಬರವಿಲ್ಲದ ನಾಡಿನಲ್ಲೂ ಒಂದೂವರೆ ವರ್ಷ ಹಾಗೇ ಹೋಗಿದೆ. ಅದಕ್ಕಿಂತ ಬೇಗ ಬಂದವರಿಗೇ ಅಲ್ಲಿನ ವಿಶೇಷ ಚಿಕಿತ್ಸೆಯಿಂದ ಹೆಚ್ಚು ಲಾಭವಾಯಿತು.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ತಡವಾದದ್ದರಿಂದ ಕಾಯಿಲೆ ಕೆಟ್ಟಿತೋ, ಅಥವಾ ಕೆಟ್ಟ ಬಗೆಯ ಕಾಯಿಲೆಯೇ ಸದ್ದಿಲ್ಲದೆ ನಿಧಾನವಾಗಿ ಆವರಿಸುವುದರಿಂದ ತಡವಾಗಿ ಕಣ್ಣಿಗೆ ಬೀಳುತ್ತದೋ? ಎರಡನೆಯದು ನಿಜವಾದರೆ ಬೇಗ ಹಿಡಿಯುವ ಪ್ರಯತ್ನವೆಲ್ಲ ವ್ಯರ್ಥ. ಕಾಯಿಲೆಯ ಹಣೆಬರಹ ಮೊದಲೇ ಬರೆದಾಗಿರುತ್ತದೆ. ಇದಕ್ಕೆ ಈವರೆಗೆ ಸಿಕ್ಕಿರುವ ಅತ್ಯುತ್ತಮ ಉತ್ತರ ನಾರ್ವೆಯ ಸ್ಟವಾಂಗೆರ್ ಪ್ರದೇಶದಿಂದ ಬಂದಿದೆ. 1997ರಿಂದ ಅಲ್ಲಿ ಪತ್ರಿಕೆ, ರೇಡಿಯೋ, ಸಿನಿಮಾ ಮಂದಿರಗಳಲ್ಲಿ ಕಾಯಿಲೆಯ ಮೊದಲ ಲಕ್ಷಣಗಳ ಬಗ್ಗೆ ಪ್ರಚಾರ ಮಾಡಿದರು, ಶಾಲಾ ಶಿಕ್ಷಕರಿಗೂ ಕುಟುಂಬ ವೈದ್ಯರಿಗೂ ತರಬೇತಿ ಕೊಟ್ಟರು, ಯಾರು ಬೇಕಾದರೂ ನೇರವಾಗಿ ಫೋನ್ ಮಾಡಬಹುದಾದ ಒಂದು ತಂಡ ಕಟ್ಟಿದರು. ಮೊದಲು ಮಧ್ಯಮ ಮಟ್ಟದಲ್ಲಿ 26 ವಾರವಿದ್ದ ಅಂತರ ಸುಮಾರು 5 ವಾರಕ್ಕೆ ಇಳಿಯಿತು. ಇಂಥ ಏರ್ಪಾಡಿಲ್ಲದ ಊರುಗಳೊಡನೆ ಹೋಲಿಸಿದಾಗ, ಹತ್ತು ವರ್ಷದ ನಂತರ ಪೂರ್ತಿ ಚೇತರಿಸಿಕೊಂಡವರು ಇಲ್ಲಿ ಶೇಕಡಾ 31ರಷ್ಟು, ಅಲ್ಲಿ ಶೇಕಡಾ 15ರಷ್ಟು. ಅಂದರೆ ಹಣೆಬರಹ ಪೂರ್ತಿ ಬರೆದಾಗಿರುವುದಿಲ್ಲ. ಕಾಯಿಲೆಯ ಬಗೆಯೂ ಲೆಕ್ಕಕ್ಕೆ ಬರುತ್ತದೆ, ಕಳೆದ ಕಾಲವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕೈಯಲ್ಲಿರುವುದು ಎರಡನೆಯದು ಮಾತ್ರ. ಅದೇ ಸ್ಟವಾಂಗೆರ್‌ನಲ್ಲಿ ಸಾರ್ವಜನಿಕ ಪ್ರಚಾರವನ್ನು ನಿಲ್ಲಿಸಿದ ಮೇಲೆ ಅಂತರ ಮತ್ತೆ 15 ವಾರಕ್ಕೆ ಏರಿತು. ಫೋನ್ ಎತ್ತುವ ತಂಡ ಹಾಗೇ ಇತ್ತು, ಆಸ್ಪತ್ರೆಯೂ ಇತ್ತು. ಇಲ್ಲವಾದದ್ದು ಮನೆಮನೆಗೆ ತಲುಪುತ್ತಿದ್ದ ಮಾಹಿತಿ ಒಂದೇ. ನನ್ನ ವಾದದ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿಲ್ಲ.

ಈಗ ಕೊಡಗಿಗೆ ಬರೋಣ. ಇಲ್ಲಿ ತಡವಾಗುವುದೇಕೆ ಎಂದು ಕೇಳಿದರೆ ಸಿದ್ಧ ಉತ್ತರ ಮೂಢನಂಬಿಕೆ. ಪ್ರಶ್ನೆ ಇಡಿಸುತ್ತಾರೆ, ಮಾಟ ತೆಗೆಸುತ್ತಾರೆ, ದೈವಕ್ಕೆ ಹರಕೆ ಹೊರುತ್ತಾರೆ, ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ ಎಂಬ ಪಟ್ಟಿ ಎಲ್ಲರಿಗೂ ಬಾಯಿಪಾಠ. ಈ ಉತ್ತರದಲ್ಲಿ ನಿಜಾಂಶವಿದೆ, ಮದುವೆಯ ವಿಷಯದಲ್ಲಂತೂ ಇನ್ನೊಂದು ಜೀವವನ್ನು ತಿಳಿಸದೆ ಎಳೆದು ತರುವ ಅನ್ಯಾಯವೂ ಇದೆ. ಆದರೆ ಹರಕೆ ಹೊತ್ತ ಮನೆಯವರೇ ಜ್ವರ ಬಂದ ಮಗುವನ್ನು ಅದೇ ದಿನ ಡಾಕ್ಟರಿಗೆ ತೋರಿಸುತ್ತಾರೆ. ಎರಡೂ ಒಟ್ಟಿಗೆ ನಡೆಯುತ್ತವೆ, ಒಂದು ಇನ್ನೊಂದನ್ನು ತಡೆಯುವುದಿಲ್ಲ. ಹಾಗಾದರೆ ಮನಸ್ಸಿನ ಕಾಯಿಲೆಯಲ್ಲಿ ಮಾತ್ರ ಡಾಕ್ಟರ ಸರದಿ ಅಷ್ಟು ಹಿಂದಕ್ಕೆ ಬೀಳುವುದೇಕೆ? ನನ್ನ ಉತ್ತರ ಇದು: ನಾವು ಸೂಚಿಸುವ ಪರಿಹಾರ ಅಷ್ಟು ದೊಡ್ಡದಾಗಿರುವುದರಿಂದಲೇ ಅದಕ್ಕೆ ತಕ್ಕಷ್ಟು ದೊಡ್ಡ ಕಾರಣ ಸಿಗುವವರೆಗೆ ಮನೆಯವರು ಕಾಯುತ್ತಾರೆ. ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಿಂದ ಬೆಂಗಳೂರು 260 ಕಿಲೋಮೀಟರಿನ ಆಸುಪಾಸು. ಅನುಮಾನದಿಂದ ಕುದಿಯುತ್ತಿರುವ, ಬರಲು ಒಪ್ಪದ ಇಪ್ಪತ್ತರ ಯುವಕನನ್ನು ಬಸ್ಸಿನಲ್ಲಿ ಅಷ್ಟು ದೂರ ಕರೆದೊಯ್ಯಲಾಗದು; ಕಾರು ಮಾಡಬೇಕು, ಹಿಡಿದುಕೊಳ್ಳಲು ಇಬ್ಬರು ಬೇಕು, ಅಲ್ಲಿ ಉಳಿಯಲು ನೆಂಟರ ಮನೆ ಬೇಕು, ಕಾಫಿ ಕುಯ್ಲಿನ ಸಮಯವಾದರೆ ತೋಟ ನೋಡಲು ಬೇರೆಯವರು ಬೇಕು. ಇಷ್ಟೆಲ್ಲ ಏರ್ಪಾಡು ‘ಕ್ಲಾಸಿಗೆ ಹೋಗ್ತಿಲ್ಲ, ಸ್ನಾನ ಮಾಡ್ತಿಲ್ಲ’ ಎಂಬಷ್ಟಕ್ಕೆ ಯಾರೂ ಮಾಡುವುದಿಲ್ಲ. ಹೊಡೆದಾಟವೋ, ಮನೆ ಬಿಟ್ಟು ಓಡುವುದೋ, ಸಾಯುವ ಪ್ರಯತ್ನವೋ ನಡೆಯುವವರೆಗೆ ‘ಬೆಂಗಳೂರಿಗೆ ಹೋಗುವಷ್ಟು ಆಗಿದೆಯಾ?’ ಎಂಬ ಪ್ರಶ್ನೆಗೆ ‘ಇನ್ನೂ ಇಲ್ಲ’ ಎಂದೇ ಉತ್ತರ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಲಹೆಯೇ ಹೀಗೆ ಚಿಕಿತ್ಸೆಯ ಹೊಸ್ತಿಲನ್ನು ಎತ್ತರಿಸಿ, ಬೇಗ ಬರಬಹುದಾಗಿದ್ದವರನ್ನು ತಡೆದು ನಿಲ್ಲಿಸುತ್ತದೆ.

ಗಾಂಜಾ ಈ ತಡಕ್ಕೆ ಇನ್ನೊಂದು ಪದರ ಸೇರಿಸುತ್ತದೆ. ಹೆಚ್ಚು ಪ್ರಮಾಣದ ಗಾಂಜಾ ಸೇವನೆಗೂ ಸೈಕೋಸಿಸ್‌ಗೂ ಸಂಬಂಧವಿದೆ ಎಂಬುದು ಸಾಬೀತಾದ ವಿಷಯ. ಆದರೆ ಹುಡುಗನ ಚೀಲದಲ್ಲಿ ಒಂದು ಪೊಟ್ಟಣ ಸಿಕ್ಕ ಕೂಡಲೇ ಮನೆಯವರಿಗೂ ಕಾಲೇಜಿಗೂ ಪೂರ್ತಿ ವಿವರಣೆ ಸಿಕ್ಕಂತಾಗಿ, ಕಾಯಿಲೆ ನಡತೆಯ ದೋಷವಾಗಿ ಮಾರ್ಪಡುತ್ತದೆ. ಬೈಗುಳ, ಹೊಡೆತ, ಡಿಬಾರ್ ಮಾಡುವ ಬೆದರಿಕೆ ಶುರುವಾಗುತ್ತವೆ. ಗಾಂಜಾ ಬಿಟ್ಟು ಕೆಲವು ವಾರವಾದರೂ ಕಿವಿಯಲ್ಲಿ ಮಾತು ನಿಲ್ಲದಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕೆಂದು ಹೇಳುವವರು ಯಾರೂ ಇರುವುದಿಲ್ಲ.

ಮೂರನೆಯ ಕೆಲಸದಲ್ಲಿ ನಷ್ಟ ಇನ್ನೂ ಹೆಚ್ಚು, ಮತ್ತು ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಮೂರು ವಾರ ಒಳರೋಗಿಯಾಗಿದ್ದು, ರಿಸ್ಪೆರಿಡೋನ್ ಅಥವಾ ಒಲಾನ್ಜಪೈನ್ ಶುರುವಾಗಿ, ಮಾತು ಕೇಳಿಸುವುದು ನಿಂತು, ಹುಡುಗ ಮನೆಗೆ ಬರುತ್ತಾನೆ. ಪ್ಲಾಸ್ಟಿಕ್ ಕವರಿನಲ್ಲಿ ಒಂದು ಫೈಲು, ಒಂದು ತಿಂಗಳ ಮಾತ್ರೆ, ಮುಂದಿನ ಭೇಟಿಯ ತಾರೀಕು. ಕುಟುಂಬದ ದೃಷ್ಟಿಯಲ್ಲಿ ಕೆಲಸ ಮುಗಿಯಿತು. ಕಾಯಿಲೆಯ ದೃಷ್ಟಿಯಲ್ಲಿ ನಿರ್ಣಾಯಕ ಅವಧಿ ಈಗ ಶುರುವಾಯಿತು. ಮಾತ್ರೆಯಿಂದ ಮೈ ದಪ್ಪವಾಗುತ್ತದೆ, ಬೆಳಿಗ್ಗೆ ಏಳಲಾಗದಷ್ಟು ಮಂಪರು ಬರುತ್ತದೆ, ಕೆಲವರಿಗೆ ಕೈಕಾಲು ಬಿಗಿಯುತ್ತದೆ. ‘ಸರಿಯಾದನಲ್ಲ, ಇನ್ನೆಷ್ಟು ದಿನ ಈ ವಿಷ ನುಂಗೋದು’ ಎಂದು ಅಜ್ಜಿ ಕೇಳುತ್ತಾರೆ. ಮಾತ್ರೆ ನಿಲ್ಲುತ್ತದೆ. ಮೊದಲೆರಡು ತಿಂಗಳು ಏನೂ ಆಗುವುದಿಲ್ಲ, ಬದಲಿಗೆ ಹುಡುಗ ಚುರುಕಾಗಿಯೇ ಕಾಣುತ್ತಾನೆ, ಹಾಗಾಗಿ ಅಜ್ಜಿಯ ಮಾತೇ ನಿಜವೆನಿಸುತ್ತದೆ. ಮೊದಲ ಸಲ ಕಾಯಿಲೆ ಬಂದವರನ್ನು ಐದು ವರ್ಷ ಹಿಂಬಾಲಿಸಿದ, 1999ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನದಲ್ಲಿ ಶೇಕಡಾ 80ಕ್ಕೂ ಮೀರಿದವರಿಗೆ ಕಾಯಿಲೆ ಒಮ್ಮೆಯಾದರೂ ಮರುಕಳಿಸಿತು. ಮಾತ್ರೆ ನಿಲ್ಲಿಸಿದಾಗ ಮರುಕಳಿಸುವ ಸಂಭವ ಸುಮಾರು ಐದು ಪಟ್ಟು ಹೆಚ್ಚು. ಪ್ರತಿ ಸಲ ಮರುಕಳಿಸಿದಾಗಲೂ ಒಂದು ಸೆಮಿಸ್ಟರ್, ಒಂದು ಕೆಲಸ, ಒಬ್ಬ ಗೆಳೆಯ ಕೈತಪ್ಪುತ್ತಾರೆ.

‘ಹಾಗಾದರೆ ಬಾಯಿ ಮುಚ್ಚಿಕೊಂಡು ಜೀವನಪೂರ್ತಿ ಮಾತ್ರೆ ನುಂಗಬೇಕೋ’ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನೆದರ್‌ಲೆಂಡ್ಸ್‌ನಲ್ಲಿ ನಡೆದ, ಏಳು ವರ್ಷದ ಫಲಿತಾಂಶ 2013ರಲ್ಲಿ ಹೊರಬಂದ ಅಧ್ಯಯನವೊಂದರಲ್ಲಿ, ಕಾಯಿಲೆ ಹತೋಟಿಗೆ ಬಂದ ಮೇಲೆ ವೈದ್ಯರ ಕಣ್ಣಳತೆಯಲ್ಲಿ ಮದ್ದನ್ನು ಹಂತಹಂತವಾಗಿ ಇಳಿಸಿದವರು ಕೆಲಸ, ಸಂಬಂಧ, ಓಡಾಟಗಳಲ್ಲಿ ಹೆಚ್ಚು ಚೇತರಿಸಿಕೊಂಡಿದ್ದರು. ಈ ಫಲಿತಾಂಶದ ಬಗ್ಗೆ ತಜ್ಞರಲ್ಲಿ ವಾದವಿದೆ. ಆದರೆ ಮಾತ್ರೆ ಇಳಿಸುವುದನ್ನು ಬೆಂಬಲಿಸುವವರೂ ವಿರೋಧಿಸುವವರೂ ಒಪ್ಪುವ ಒಂದು ಸಂಗತಿಯಿದೆ: ಇಳಿಸುವುದಾದರೆ ಆಗಾಗ ಆ ವ್ಯಕ್ತಿಯನ್ನು ನೋಡುವ, ಅವನ ನಿದ್ದೆ ಕೆಟ್ಟರೆ ತಕ್ಷಣ ಗುರುತಿಸುವ ಯಾರಾದರೂ ಹತ್ತಿರದಲ್ಲಿರಬೇಕು. 260 ಕಿಲೋಮೀಟರ್ ದೂರದ ಹೊರರೋಗಿ ವಿಭಾಗದಿಂದ ಇದು ಆಗದ ಕೆಲಸ. ಮುಂದುವರಿಸುವುದಕ್ಕೂ ಹತ್ತಿರದವರು ಬೇಕು, ನಿಲ್ಲಿಸುವುದಕ್ಕೂ ಹತ್ತಿರದವರು ಬೇಕು. ದೂರದ ಚಿಕಿತ್ಸೆಯಲ್ಲಿ ಉಳಿಯುವುದು ಎರಡೇ ದಾರಿ, ಕಣ್ಣು ಮುಚ್ಚಿ ನುಂಗುವುದು ಅಥವಾ ಕದ್ದು ಬಿಡುವುದು.

ಆರಂಭದ ಸೈಕೋಸಿಸ್‌ಗೆಂದೇ ಜಗತ್ತಿನ ನಗರಗಳಲ್ಲಿ ಹುಟ್ಟಿದ ಸೇವೆಗಳನ್ನು ಸರಿಯಾಗಿ ಗಮನಿಸಿದರೂ ಇದೇ ಪಾಠ ಸಿಗುತ್ತದೆ. 1992ರಲ್ಲಿ ಪ್ಯಾಟ್ರಿಕ್ ಮೆಕ್‌ಗೋರಿ ಮೆಲ್ಬರ್ನ್‌ನಲ್ಲಿ ಕಟ್ಟಿದ ಕೇಂದ್ರವಾಗಲಿ, ಆಮೇಲೆ ಇಂಗ್ಲೆಂಡಿನ ಊರೂರಿಗೆ ಹರಡಿದ ತಂಡಗಳಾಗಲಿ ಹೆಸರು ಮಾಡಿದ್ದು ಕಟ್ಟಡದಿಂದಲ್ಲ. ಒಂದು ನಿಗದಿತ ಪ್ರದೇಶದ ಹೊಣೆ, ಒಬ್ಬೊಬ್ಬ ಕಾರ್ಯಕರ್ತರಿಗೆ ಹದಿನೈದರ ಆಸುಪಾಸಿನ ಜನ, ಮನೆಗೇ ಹೋಗಿ ಭೇಟಿ, ಕೆಲಸ ಓದಿಗೆ ಮರಳಲು ನೆರವು, ಇವು ಅವುಗಳ ಜೀವಾಳ. ಇಂಗ್ಲೆಂಡಿನಲ್ಲಿ 2016ರಿಂದ ಸರ್ಕಾರ ಅಳೆಯುವುದು ಹಾಸಿಗೆಗಳ ಸಂಖ್ಯೆಯನ್ನಲ್ಲ, ಶಿಫಾರಸು ಬಂದ ಎರಡು ವಾರದೊಳಗೆ ಎಷ್ಟು ಜನರಿಗೆ ಚಿಕಿತ್ಸೆ ಶುರುವಾಯಿತು ಎಂಬುದನ್ನು. ಡೆನ್ಮಾರ್ಕಿನ ಓಪಸ್ ಪ್ರಯೋಗದಲ್ಲಿ ಎರಡು ವರ್ಷ ತೀವ್ರ ಆರೈಕೆ ಪಡೆದವರು ಸಾಮಾನ್ಯ ಚಿಕಿತ್ಸೆಯವರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ತಂಡದ ಆರೈಕೆ ಮುಗಿದು ಐದನೆಯ ವರ್ಷಕ್ಕೆ ಬರುವಷ್ಟರಲ್ಲಿ ಆ ಮುನ್ನಡೆ ಬಹುಪಾಲು ಕರಗಿತ್ತು. ಲಾಭ ಇದ್ದದ್ದು ಒಡನಾಟದಲ್ಲಿ, ಒಡನಾಟ ನಿಂತಾಗ ಲಾಭವೂ ನಿಂತಿತು. ಇವುಗಳನ್ನು ‘ನಗರದ ಸೇವೆ’ ಎಂದು ಕರೆದು, ನಮಗೂ ನಗರದಲ್ಲಿ ಅಂಥದ್ದೊಂದು ಕೇಂದ್ರ ಬೇಕು ಎನ್ನುವವರು ಅವುಗಳ ವಿಳಾಸವನ್ನು ನೋಡಿದ್ದಾರೆಯೇ ಹೊರತು ಕೆಲಸವನ್ನಲ್ಲ.

ನಮ್ಮಲ್ಲಿ ಕುಟುಂಬವಿದೆಯಲ್ಲ, ಇಂಗ್ಲೆಂಡಿನಂತೆ ತಂಡ ಏಕೆ ಎಂಬ ಮಾತು ಮುಂದೆ ಬರುತ್ತದೆ. ಇದು ಹಗುರವಾದ ಮಾತಲ್ಲ. ಚೆನ್ನೈನ ಸ್ಕಾರ್ಫ್ ಸಂಸ್ಥೆ ಮತ್ತು ಕೆನಡಾದ ಮಾಂಟ್ರಿಯಲ್‌ನ ಕೇಂದ್ರ ಒಂದೇ ಬಗೆಯ ಚಿಕಿತ್ಸೆ ನೀಡಿ ಹೋಲಿಸಿದಾಗ, ಚೆನ್ನೈನಲ್ಲಿ ಕುಟುಂಬದವರ ಭಾಗವಹಿಸುವಿಕೆ ಹೆಚ್ಚಿತ್ತು, ಚಿಕಿತ್ಸೆ ನಡುವೆ ಬಿಟ್ಟುಹೋದವರು ಕಡಿಮೆ. ಕೊಡಗಿನಲ್ಲಿ ಒಕ್ಕ ಎಂಬ ಕುಲದ ಏರ್ಪಾಡು, ಕುಲದ ಮೂಲಮನೆಯಾದ ಐನ್‌ಮನೆಯ ಸಂಬಂಧ, ದೊಡ್ಡಪ್ಪ ಚಿಕ್ಕಪ್ಪಂದಿರ ಹೊಣೆಗಾರಿಕೆ ಇನ್ನೂ ಜೀವಂತವಾಗಿರುವ ಮನೆಗಳಲ್ಲಿ ಕಾಯಿಲೆಯವನು ಬೀದಿಗೆ ಬೀಳುವುದಿಲ್ಲ. ಆದರೆ ಚೆನ್ನೈನ ಅನುಭವ ಹೇಳುವುದು ಕುಟುಂಬವೇ ಸಾಕು ಎಂದಲ್ಲ. ಕುಟುಂಬದ ಪಕ್ಕದಲ್ಲಿ ಒಂದು ತಂಡ ನಿಂತಾಗ ಕುಟುಂಬದ ಶಕ್ತಿ ಫಲ ಕೊಡುತ್ತದೆ ಎಂದು. ಜೊತೆಗೆ ಕೊಡಗಿನ ಎಲ್ಲರಿಗೂ ಒಕ್ಕವಿಲ್ಲ. ಲೈನ್ ಮನೆಯಲ್ಲಿರುವ ಯರವ ಅಥವಾ ಜೇನುಕುರುಬ ದಂಪತಿ ಇಬ್ಬರೂ ಬೆಳಿಗ್ಗೆ ತೋಟದ ಕೆಲಸಕ್ಕೆ ಹೋಗದಿದ್ದರೆ ಆ ದಿನದ ಕೂಲಿಯಿಲ್ಲ. ಮಗಳ ಮಾತ್ರೆ ನೋಡಿಕೊಳ್ಳಲು ಯಾರನ್ನು ಮನೆಯಲ್ಲಿ ಬಿಡುವುದು? ಅಸ್ಸಾಮಿನಿಂದ ಬಂದ ಕಾರ್ಮಿಕನಿಗಂತೂ ಇಲ್ಲಿ ಕುಟುಂಬವೂ ಇಲ್ಲ, ಭಾಷೆಯೂ ಇಲ್ಲ. ‘ನಮ್ಮಲ್ಲಿ ಕುಟುಂಬವಿದೆ’ ಎಂಬ ಮಾತು ಇರುವವರ ಮಾತು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಗುಟ್ಟಿನದು. ಕೊಡಗು ಚಿಕ್ಕ ಜಿಲ್ಲೆ. ಮಡಿಕೇರಿಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೆ ಸಂಜೆಯೊಳಗೆ ಮೂರು ಊರಿಗೆ ಸುದ್ದಿ, ಮುಂದೆ ಆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಬರುವುದಿಲ್ಲ. ದೂರದ ನಗರ ಕೊಡುವ ಅನಾಮಿಕತೆಯೇ ಅದರ ದೊಡ್ಡ ಔಷಧ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವ ಹಕ್ಕು ಆ ಬೆಲೆ ತೆರಬೇಕಿಲ್ಲದವರಿಗೆ ಇಲ್ಲ. ಆದರೂ ಲೆಕ್ಕ ಹಾಕಿ ನೋಡಬೇಕು. ದೂರದ ಚಿಕಿತ್ಸೆ ಗುಟ್ಟನ್ನು ಕಾಯುವುದು ಮೊದಲ ಸಲ ಮಾತ್ರ. ಮಾತ್ರೆ ತಪ್ಪಿ ಕಾಯಿಲೆ ಮರುಕಳಿಸಿದಾಗ, ಹುಡುಗ ಸಂತೆಯ ದಿನ ಪೇಟೆಯ ನಡುವೆ ನಿಂತು ಕೂಗಿದಾಗ, ಯಾವ ಗುಟ್ಟೂ ಉಳಿಯುವುದಿಲ್ಲ. ಹತ್ತಿರದಲ್ಲಿ ಸದ್ದಿಲ್ಲದೆ ನಡೆಯುವ ಮುಂದುವರಿದ ಚಿಕಿತ್ಸೆಯೇ ಗುಟ್ಟನ್ನು ಹೆಚ್ಚು ಕಾಲ ಕಾಯುತ್ತದೆ. ಮನೋವೈದ್ಯರು ಕೂರುವುದು ಪ್ರತ್ಯೇಕ ಫಲಕ ಹಾಕಿದ ಮೂಲೆಯ ಕೋಣೆಯಲ್ಲಲ್ಲದೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ನೋಡುವ ಸಾಲಿನಲ್ಲೇ ಆದರೆ ಬೆಂಚಿನ ಭಯ ಅರ್ಧ ಕಳೆಯುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸೇವೆಯ 14416ಕ್ಕೆ ಫೋನ್ ಮಾಡಲು ಯಾವ ಬೆಂಚಿನಲ್ಲೂ ಕೂರಬೇಕಿಲ್ಲ. ಇಷ್ಟಾದರೂ ಬೆಂಗಳೂರೇ ಬೇಕೆನ್ನುವವರಿಗೆ ಆ ಆಯ್ಕೆ ಇರಲಿ. ಆದರೆ ಅದು ಆಯ್ಕೆಯಾಗಿರಬೇಕು, ಬೇರೆ ಗತಿಯಿಲ್ಲದ ದಾರಿಯಾಗಿರಬಾರದು.

ಹತ್ತಿರದಲ್ಲಿ ಇದನ್ನು ಮಾಡುವ ಸಾಮರ್ಥ್ಯವಿದೆಯೇ ಎಂಬುದು ಕೊನೆಯ ಪ್ರಶ್ನೆ. ಇದಕ್ಕೆ ಕರ್ನಾಟಕವೇ ಉತ್ತರ ಕೊಟ್ಟಿದೆ, ಅದೂ ನಿಮ್ಹಾನ್ಸ್ ಮೂಲಕವೇ. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕೊಡಗಿನಂತೆಯೇ ಮಳೆ, ಗುಡ್ಡ, ಒಂಟಿ ಮನೆಗಳ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಊರಿನಲ್ಲೇ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿತು. ಚಿಕಿತ್ಸೆ ಪಡೆದವರ ಅಶಕ್ತತೆ ಕಡಿಮೆಯಾಯಿತು, ಪಡೆಯದವರದು ಹಾಗೇ ಉಳಿಯಿತು. ದೊಡ್ಡಾಸ್ಪತ್ರೆಯ ತಜ್ಞರೇ ದೊಡ್ಡಾಸ್ಪತ್ರೆಯಿಂದ ಹೊರಗೆ ನಡೆದು ತೋರಿಸಿದ ದಾರಿ ಇದು. ಸಮುದಾಯದ ಕಾರ್ಯಕರ್ತರನ್ನು ಬಳಸಿದ ಇನ್ನೊಂದು ಭಾರತೀಯ ಪ್ರಯೋಗ, 2014ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದದ್ದು, ಸಾಧಾರಣ ಮಟ್ಟದ ಲಾಭವನ್ನಷ್ಟೇ ಕಂಡಿತು ಎಂಬುದನ್ನೂ ಹೇಳಬೇಕು. ಆದರೆ ಅದರಲ್ಲಿದ್ದವರು ಕಾಯಿಲೆ ಈಗಾಗಲೇ ಬೇರುಬಿಟ್ಟವರು. ಆರಂಭದ ಹಂತದವರಿಗೆ ಅದೇ ಅಳತೆಗೋಲು ಹಿಡಿಯಲಾಗದು.

ಕೊಡಗಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿದರೆ ದುಡಿಯುವ ವಯಸ್ಸಿನ ಲಕ್ಷ ಜನರಲ್ಲಿ ವರ್ಷಕ್ಕೆ ಇಪ್ಪತ್ತೈದರ ಆಸುಪಾಸು ಜನರಿಗೆ ಸೈಕೋಸಿಸ್ ಹೊಸದಾಗಿ ಶುರುವಾಗುತ್ತದೆ. ಆ ದರ ಇಲ್ಲಿಗೂ ಹೊಂದುತ್ತದೆಂದು ಇಟ್ಟುಕೊಂಡರೆ ಕೊಡಗಿನಲ್ಲಿ ವರ್ಷಕ್ಕೆ ಸುಮಾರು ನೂರು ಜನ. ಇದು ಅಂದಾಜು, ಎಣಿಕೆಯಲ್ಲ. ಆದರೂ ಸಮಸ್ಯೆಯ ಗಾತ್ರ ತಿಳಿಯುತ್ತದೆ. ಹೊಸ ಆಸ್ಪತ್ರೆ ಕಟ್ಟಿಸಲು ಇದು ಚಿಕ್ಕ ಸಂಖ್ಯೆ. ಒಬ್ಬೊಬ್ಬರನ್ನೂ ಹೆಸರು ಹಿಡಿದು ತಿಳಿದುಕೊಳ್ಳಲು ಇದು ಸರಿಯಾದ ಸಂಖ್ಯೆ. ಎರಡು ವರ್ಷ ಹಿಂಬಾಲಿಸುವುದಾದರೆ ಯಾವ ಹೊತ್ತಿನಲ್ಲೂ ಇನ್ನೂರು ಜನ. ಇಂಗ್ಲೆಂಡಿನ ಅಳತೆಯಲ್ಲಿ ಅವರಿಗೆ ಹದಿಮೂರು ಹದಿನಾಲ್ಕು ಕಾರ್ಯಕರ್ತರು ಬೇಕು. ಅಷ್ಟು ಜನರನ್ನು ಸರ್ಕಾರ ನಾಳೆಯೇ ಕೊಡುತ್ತದೆಂದು ನಾನು ನಂಬುವುದಿಲ್ಲ. ಆದರೆ ತಾಲ್ಲೂಕಿಗೆ ಒಬ್ಬರಂತೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಕುಶಾಲನಗರಗಳಿಗೆ ಐವರು ಸಮಾಜ ಕಾರ್ಯಕರ್ತರು ಅಥವಾ ನರ್ಸ್‌ಗಳನ್ನು ಇದೊಂದೇ ಕೆಲಸಕ್ಕೆ ಮೀಸಲಿಡುವುದು ದುಬಾರಿಯಲ್ಲ. ಅವರ ಬೆನ್ನಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ, 2016ರಲ್ಲಿ ಮಡಿಕೇರಿಯಲ್ಲಿ ಶುರುವಾದ ವೈದ್ಯಕೀಯ ಕಾಲೇಜಿದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯಬೇಕಾದ ಮನೋಚೈತನ್ಯ ಕ್ಲಿನಿಕ್ ಇದೆ. ಇದನ್ನು ದಯೆಯೆಂದು ಬೇಡಬೇಕಾಗಿಯೂ ಇಲ್ಲ. 2017ರ ಕಾಯ್ದೆಯ 18ನೇ ಕಲಂ ಮಾನಸಿಕ ಕಾಯಿಲೆಯವರು ಚಿಕಿತ್ಸೆಗಾಗಿ ದೂರದೂರ ಪ್ರಯಾಣ ಮಾಡುವಂತಾಗಬಾರದು, ಸೇವೆ ಅವರ ವಾಸದ ಹತ್ತಿರ ಸಿಗಬೇಕು ಎಂದು ಸರ್ಕಾರದ ಮೇಲೆಯೇ ಹೊಣೆ ಹೊರಿಸಿದೆ. ‘ಬೆಂಗಳೂರಿಗೆ ಹೋಗಿ’ ಎಂಬ ಸಲಹೆ ನೆಂಟರ ಬಾಯಲ್ಲಿ ಕಾಳಜಿ; ಸರ್ಕಾರಿ ವ್ಯವಸ್ಥೆಯೇ ಅದನ್ನು ಹೇಳತೊಡಗಿದರೆ ಅದು ಹೊಣೆಯಿಂದ ಜಾರಿಕೊಳ್ಳುವುದು.

ನಗರದ ಆಸ್ಪತ್ರೆಯ ಪಾಲು ಇದರಲ್ಲಿ ಕಡಿಮೆಯಾಗುವುದಿಲ್ಲ, ಬದಲಾಗುತ್ತದೆ. ಸಂಶಯದ ಪ್ರಕರಣಗಳನ್ನು ಬಿಡಿಸುವುದು, ಸಣ್ಣ ಊರಿನ ವೈದ್ಯರಿಗೆ ಫೋನಿನಲ್ಲಿ, ವಿಡಿಯೋದಲ್ಲಿ ಜೊತೆ ನಿಲ್ಲುವುದು, ಎಲ್ಲಕ್ಕಿಂತ ಮುಖ್ಯವಾಗಿ ಒಳರೋಗಿಯನ್ನು ಮನೆಗೆ ಕಳಿಸುವ ದಿನ ಅವನನ್ನು ಒಂದು ಫೈಲಿನ ಜೊತೆ ಬಿಡದೆ ಒಬ್ಬ ವ್ಯಕ್ತಿಯ ಕೈಗೆ ಒಪ್ಪಿಸುವುದು. ವಿರಾಜಪೇಟೆಯ ಇಂಥ ನರ್ಸ್, ಇಂಥ ಫೋನ್ ನಂಬರ್, ಇಂಥ ದಿನ ಮನೆಗೆ ಬರುತ್ತಾರೆ ಎಂದು ರೋಗಿಗೂ ಮನೆಯವರಿಗೂ ತಿಳಿಸಿ, ಅವರ ಒಪ್ಪಿಗೆ ಪಡೆದು, ಆ ನರ್ಸಿನ ಜೊತೆ ಅಲ್ಲಿಂದಲೇ ಒಮ್ಮೆ ಮಾತಾಡಿಸಿ ಕಳಿಸುವುದಕ್ಕೆ ಹತ್ತು ನಿಮಿಷ ಸಾಕು.

ಜಿಲ್ಲೆಯ ಕಡೆಯಿಂದ ಎರಡು ಅಂಕಿಗಳನ್ನು ಪ್ರತಿ ವರ್ಷ ಬಹಿರಂಗಪಡಿಸಬೇಕು: ಮೊದಲ ಲಕ್ಷಣ ಕಂಡ ತಿಂಗಳಿಗೂ ಮೊದಲ ಮಾತ್ರೆಗೂ ನಡುವೆ ಎಷ್ಟು ವಾರ ಕಳೆಯಿತು, ಮತ್ತು ಒಂದು ವರ್ಷದ ನಂತರ ಎಷ್ಟು ಜನ ಇನ್ನೂ ಸಂಪರ್ಕದಲ್ಲಿದ್ದಾರೆ. ಹೊರರೋಗಿ ವಿಭಾಗಕ್ಕೆ ಬಂದವರ ಒಟ್ಟು ಸಂಖ್ಯೆ ಇದರ ಬದಲಿಗೆ ಆಗುವುದಿಲ್ಲ. ತಡವಾಗಿ ಬಂದವರೂ ಮರುಕಳಿಸಿ ಬಂದವರೂ ಅದನ್ನು ಹೆಚ್ಚಿಸುತ್ತಲೇ ಇರುತ್ತಾರೆ. ಇನ್ನು ಮಳೆಗಾಲದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲದ ಸಂಗಮದ ನೀರು ರಸ್ತೆಗೆ ಬರುವ, ಘಾಟಿಯಲ್ಲಿ ಮಣ್ಣು ಕುಸಿಯುವ, ವಾರಗಟ್ಟಲೆ ಕರೆಂಟು ನೆಟ್‌ವರ್ಕು ಎರಡೂ ಇರದ ಜಿಲ್ಲೆ ಇದು. 2018ರ ಆಗಸ್ಟ್ ಅದನ್ನು ಎಲ್ಲರಿಗೂ ತೋರಿಸಿತು. ಇಲ್ಲಿ ಮಾತ್ರೆಯ ಸ್ಟ್ರಿಪ್ ಜುಲೈ ನಡುವೆ ಖಾಲಿಯಾದರೆ ಅದನ್ನು ರೋಗಿಯ ಅಸಡ್ಡೆ ಎಂದು ಬರೆದುಕೊಳ್ಳಲಾಗದು. ಮೇ ತಿಂಗಳು ಮುಗಿಯುವುದರೊಳಗೆ ಈ ಇನ್ನೂರು ಮನೆಗಳನ್ನು ಒಮ್ಮೆ ಸುತ್ತಿ, ಯಾರ ಬಳಿ ಎಷ್ಟು ದಿನದ ಮಾತ್ರೆಯಿದೆ ಎಂದು ನೋಡಿ, ಸುರಕ್ಷಿತವಾಗಿ ಇಟ್ಟುಕೊಳ್ಳಬಲ್ಲ ಮನೆಗಳಿಗೆ ಮೂರು ತಿಂಗಳಿಗಾಗುವಷ್ಟನ್ನೂ, ಅಪಾಯವಿರುವ ಮನೆಗಳಿಗೆ ಹತ್ತಿರದ ಆಶಾ ಕಾರ್ಯಕರ್ತೆಯ ಕೈಯಲ್ಲಿ ಸ್ವಲ್ಪ ಸ್ವಲ್ಪವೇ ಸಿಗುವಂತೆಯೂ ಮಾಡಿ, ತಿಂಗಳಿಗೊಮ್ಮೆ ಇಂಜೆಕ್ಷನ್ ಪಡೆಯುವವರ ಮುಂದಿನ ನಾಲ್ಕು ತಾರೀಕುಗಳನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಕ್ಯಾಲೆಂಡರಿನಲ್ಲಿ ಹೆಸರಿಲ್ಲದೆ ಗುರುತು ಮಾಡಿ ಬರಬೇಕು.